ಗರ್ಭನಿರೋಧಕ ಮಾತ್ರೆ ಮತ್ತು ಏರಿದ ಎರಡು ಕಿಲೋ

ಬದಿಯಡ್ಕದ ಸಹೋದರಿಯವರಿಗೆ ನಮಸ್ಕಾರ. ಮಾಲಾ-ಎನ್ ಗರ್ಭನಿರೋಧಕ ಮಾತ್ರೆ ಆರಂಭಿಸಿದ ಮೇಲೆ ಎರಡು ಕಿಲೋ ತೂಕ ಏರಿದೆ, ಅತ್ತೆಯವರು ಮಾತ್ರೆಯನ್ನೇ ದೂರುತ್ತಿದ್ದಾರೆ, ನಿಲ್ಲಿಸಲೇ ಎಂದು ಕೇಳಿದ್ದೀರಿ.

ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡೂ ಹಾರ್ಮೋನುಗಳಿರುವ ಇಂತಹ ಮಾತ್ರೆಗಳನ್ನು ಔಷಧವಿಲ್ಲದ ಹುಸಿಮಾತ್ರೆಯೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ ತೂಕದ ಮೇಲೆ ದೊಡ್ಡ ಪರಿಣಾಮ ಕಂಡುಬಂದಿಲ್ಲ. ಮಾತ್ರೆ ತೂಕ ಏರಿಸುತ್ತದೆ ಎಂಬ ಈ ಅಪವಾದ ಹಳೆಯದು. 1960ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಮಾತ್ರೆಯಲ್ಲಿ ಹಾರ್ಮೋನಿನ ಪ್ರಮಾಣ ಇಂದಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು, ಮಾಲಾ-ಎನ್‌ನಲ್ಲಿರುವ ಈಸ್ಟ್ರೋಜನ್ 0.03 ಮಿಲಿಗ್ರಾಂ ಮಾತ್ರ. ಆದರೂ ಈಸ್ಟ್ರೋಜನ್ ಕೆಲವರ ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುವುದರಿಂದ, ಮೊದಲ ಕೆಲವು ತಿಂಗಳು ಹೊಟ್ಟೆ ಉಬ್ಬರಿಸಿ ತೂಕ ತುಸು ಏರಿದಂತೆ ಕಾಣಬಹುದು. ಅದು ಕೊಬ್ಬಲ್ಲ, ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ.

ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಗರ್ಭನಿರೋಧಕ ಚುಚ್ಚುಮದ್ದಿನ ವಿಷಯ ಬೇರೆ. ಅದರಿಂದ ಕೆಲವರ ತೂಕ ನಿಜಕ್ಕೂ ಏರುತ್ತದೆ. ನೆರೆಹೊರೆಯವರು ಎರಡನ್ನೂ ಒಂದೇ ಎಂದು ಭಾವಿಸಿ ಹೇಳುವ ಅನುಭವಗಳನ್ನು ಹಾಗೆಯೇ ನಂಬಬೇಡಿ.

ಮಾತ್ರೆಯನ್ನು ನಡುವೆಯೇ ನಿಲ್ಲಿಸಿದರೆ ಗರ್ಭ ನಿಲ್ಲುವ ಸಾಧ್ಯತೆಯಿದೆ. ಸಮೀಪದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ; ತೂಕ ಏರುತ್ತಲೇ ಇದ್ದರೆ ಥೈರಾಯ್ಡ್ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಹಾರ್ಮೋನಿಲ್ಲದ ‘ಛಾಯಾ’ ಮಾತ್ರೆಯೂ ಇದೆ, ಬದಲಾಯಿಸುವುದಾದರೆ ಅವರ ಸಲಹೆಯಂತೆ ಬದಲಾಯಿಸಿ. ಒಂದೇ ಕಾಲು ಊದಿ ನೋಯುವುದು, ಎದೆನೋವು, ಉಸಿರಾಟದ ತೊಂದರೆ ಅಥವಾ ಹಿಂದೆಂದೂ ಬಾರದಂತಹ ತಲೆನೋವು ಕಂಡರೆ ಮಾತ್ರ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.