ಕೇಳಿ, ಹೇಳುತ್ತೇವೆ: ತೋಟದ ವಿಷ, ಮಾಡಿನ ಬಾವಲಿ

ಪ್ರಶ್ನೆ: ಮೊದಲ ಮಳೆ ಬಿದ್ದ ಕೂಡಲೇ ಅಡಿಕೆ ಬುಡಕ್ಕೆ ಬೇರುಹುಳದ ಔಷಧಿ ಕ್ಲೋರ್‌ಪೈರಿಫಾಸ್ ಹಾಕಿಸಿದೆವು. ವಾರದೊಳಗೆ ಕೊಟ್ಟಿಗೆ ಮಾಡಿನ ಕಣ್ಣಕಪ್ಪಡಿಗಳು (ಹುಳ ತಿನ್ನುವ ಬಾವಲಿಗಳು) ನಾಲ್ಕೈದು ನೆಲಕ್ಕೆ ಬಿದ್ದಿದ್ದವು. ಔಷಧಿ ಹಾಕಿದ್ದು ಮಣ್ಣಿಗಲ್ಲವೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಹಾಕಿದ್ದು ಮಣ್ಣಿಗೇ, ಆದರೆ ಹಾಕಿದ ಕಾಲ ನೋಡಿ. ಬೇರುಹುಳದ ದುಂಬಿಗಳು ಮಣ್ಣು ಸೀಳಿಕೊಂಡು ಮೇಲೇಳುವುದೇ ಮೊದಲ ಮಳೆಯ ನಂತರದ ಮುಸ್ಸಂಜೆಗಳಲ್ಲಿ. ವಿಷದ ಮಣ್ಣು ದಾಟಿ ಬಂದ ದುಂಬಿ ತಕ್ಷಣ ಸಾಯದು. ಅರೆಜೀವದಲ್ಲಿ ತೂರಾಡುತ್ತ ಹಾರುವ ಹುಳ ಬಾವಲಿಗೆ ಸುಲಭದ ತುತ್ತು. ಕೊಟ್ಟಿಗೆ ನೆಲದಲ್ಲಿ ದುಂಬಿಯ ರೆಕ್ಕೆ, ಕಾಲಿನ ಚೂರು ಬಿದ್ದಿವೆಯೇ ನೋಡಿ. ದೊಡ್ಡ ಜಾತಿಯವು ಹುಳವನ್ನು ಹೊತ್ತು ತಂದು, ರೆಕ್ಕೆ ಕಿತ್ತು ತಿನ್ನುತ್ತವೆ. ಐದಾರು ಗ್ರಾಂ ತೂಗುವ ಪುಟ್ಟ ಜಾತಿಗಳಿಗೆ ಈ ದುಂಬಿ ಬಾಯಿಗೆ ಹಿಡಿಸದು. ಅವುಗಳ ಊಟ ಸೊಳ್ಳೆ, ನುಸಿ, ಸಣ್ಣ ಪತಂಗ. ಅವೇ ಸತ್ತಿದ್ದರೆ ಕಾರಣ ಬೇರೆಡೆ ಹುಡುಕಬೇಕು: ಸಂಜೆ ಹೊತ್ತು ಸಿಂಪಡಿಸಿದ್ದು, ಅಥವಾ ಬಸಿಗಾಲುವೆಗೆ ತೊಳೆದುಹೋದ ಔಷಧಿ. ಬಾವಲಿ ಹಾರುತ್ತಲೇ ನೀರು ಕುಡಿಯುತ್ತದೆ, ನೀರಿನಿಂದೆದ್ದ ಹುಳಗಳನ್ನೂ ಹಿಡಿಯುತ್ತದೆ.

ಕೀಟ ತಿನ್ನುವ ಬಾವಲಿ ಒಂದು ರಾತ್ರಿಯಲ್ಲಿ ತನ್ನ ತೂಕದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ತಿನ್ನುತ್ತದೆ. ಮೊಲೆಯೂಡುವ ತಾಯಿ ಇನ್ನೂ ಹೆಚ್ಚು. ಹಾಗಾಗಿ ಒಂದೊಂದು ಹುಳದಲ್ಲಿ ಕಣದಷ್ಟೇ ವಿಷವಿದ್ದರೂ ಬೆಳಗಾಗುವಷ್ಟರಲ್ಲಿ ಅದು ದೊಡ್ಡ ಲೆಕ್ಕ. ಕ್ಲೋರ್‌ಪೈರಿಫಾಸ್‌ನಂಥ ಔಷಧಿ ನರದ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ನಡುಕ, ಜೊಲ್ಲು, ಹಿಡಿತ ತಪ್ಪಿ ಬೀಳುವುದು, ಹಗಲಲ್ಲಿ ತೆವಳುವುದು ಇದರ ಲಕ್ಷಣ. ರೇಬಿಸ್ ಇದ್ದರೂ ಹೀಗೇ ಕಾಣಬಹುದು, ಬರಿಗೈಯಲ್ಲಿ ಮುಟ್ಟಬೇಡಿ. ಪರೀಕ್ಷೆ ಮಾಡಿಸುವುದಾದರೆ ಕೈಗವಸು ಹಾಕಿ, ಹೆಣವನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಮಂಜುಗಡ್ಡೆಯಲ್ಲಿಟ್ಟು ಅಂದೇ ಪಶುವೈದ್ಯರಿಗೆ ಮುಟ್ಟಿಸಿ. ಮರುದಿನಕ್ಕೆ ಉಳಿದರೆ ಕೊಳೆತು ಸುಳಿವೇ ಹೋಗುತ್ತದೆ.

ಮುಂದಿನ ವರ್ಷ ದುಂಬಿ ಏಳುವ ಎರಡು-ಮೂರು ವಾರ ಔಷಧಿ ಮುಟ್ಟಬೇಡಿ. ಸಂಜೆ ಆರೂವರೆಯಿಂದ ಏಳೂವರೆವರೆಗೆ ದುಂಬಿ ಹೆಕ್ಕಿ ಸೋಪಿನ ನೀರಿಗೆ ಹಾಕಿಸಿ. ಒಂದು ಹೆಣ್ಣು ಸಿಕ್ಕರೆ ಅದರ ಮೊಟ್ಟೆಗಳೂ ತಪ್ಪಿದಂತೆ. ಹಾರಾಟ ನಿಂತ ಮೇಲೆ, ಮರಿಹುಳಗಳು ಮೇಲ್ಮಣ್ಣಿನಲ್ಲಿರುವಾಗ, ಮಳೆ ಹೊಳವಾದ ದಿನ ಬುಡದ ಮಣ್ಣು ಕೆದಕಿ ಔಷಧಿ ಹಾಕಿ, ಮತ್ತೆ ಮಣ್ಣು ಮುಚ್ಚಿ. ಮರಕ್ಕೆ 2 ಕೆಜಿ ಬೇವಿನ ಹಿಂಡಿಯೂ ಸಹಾಯಕ. ಹೆಚ್ಚಿನ ಜಾತಿಯ ಬಾವಲಿಗಳು ವರ್ಷಕ್ಕೆ ಹೆರುವುದು ಒಂದೇ ಮರಿ. ಹುಳ ಬೇಗ ಮತ್ತೆ ತುಂಬಿಕೊಳ್ಳುತ್ತದೆ, ಬಾವಲಿ ಹಾಗಲ್ಲ.

ಪ್ರಶ್ನೆ: ಹಂಚಿನ ಮನೆಯ ಪಕಾಸಿಗೆ ಗೆದ್ದಲು. ಅಟ್ಟದಲ್ಲಿ ಬಾವಲಿಗಳಿವೆ. ಔಷಧಿ ಬಳಿದರೆ ಅವೂ ತೊಲಗುತ್ತವಲ್ಲ?
— ಓದುಗರು, ಹೊಸನಗರ

ಉತ್ತರ: ತೊಲಗುವುದಿಲ್ಲ, ಸಂದಿಯೊಳಗೇ ಸತ್ತು ನಾರುತ್ತವೆ. ಬಾವಲಿ ಮರಕ್ಕೆ ಮೈ ಒತ್ತಿಕೊಂಡು ಮಲಗುತ್ತದೆ, ಆಮೇಲೆ ರೋಮ ನೆಕ್ಕಿಕೊಳ್ಳುತ್ತದೆ. ವಿಷ ಎರಡೂ ದಾರಿಯಿಂದ ಒಳಗಿಳಿಯುತ್ತದೆ. ಯುರೋಪಿನಲ್ಲಿ ಮಾಡಿನ ಮರಕ್ಕೆ ಲಿಂಡೇನ್ ಎಂಬ ಕೀಟನಾಶಕ ಬಳಿದಾಗ ಆದದ್ದು ಇದೇ. ಅದು ಕೊಬ್ಬಿನಲ್ಲಿ ಕೂತು, ತಾಯಿಯ ಹಾಲಿನಿಂದ ಮರಿಗೂ ಹೋಗುವಂಥದ್ದು.

ನಮ್ಮ ಕಡೆಯ ಗೆದ್ದಲು ಸಾಮಾನ್ಯವಾಗಿ ನೆಲದಿಂದ ಹತ್ತುತ್ತದೆ. ಗೋಡೆಯ ಮೇಲಿನ ಮಣ್ಣಿನ ಗೆರೆ ಹಿಡಿದು ಕೆಳಗಿಳಿಯಿರಿ, ಮದ್ದು ಬೇಕಾದದ್ದು ಆ ಬುಡಕ್ಕೆ, ಪಕಾಸಿಗಲ್ಲ. ಮರಕ್ಕೇ ಬಳಿಯಬೇಕೆಂದಾದರೆ ಬೋರಾಕ್ಸ್ ದ್ರಾವಣ ವಾಸಿ. ಅದಕ್ಕೂ ಮೊದಲು ಬಾವಲಿ ಹೊರಬೀಳುವ ಸಂದಿಗೆ ಮೇಲ್ಗಡೆ ಮತ್ತು ಎರಡೂ ಬದಿಗೆ ಮೊಳೆ ಹೊಡೆದು, ಕೆಳಗಡೆ ಬಿಟ್ಟು ಬಲೆ ಇಳಿಬಿಡಿ: ಹೊರಹೋದದ್ದು ಒಳಬರಲಾರದು. ನಾಲ್ಕೈದು ರಾತ್ರಿ ಕಳೆದ ಮೇಲೆ ಸಂದಿ ಮುಚ್ಚಿ. ಹಾರಲಾಗದ ಮರಿ ಇದ್ದಾಗ ಮಾತ್ರ ಈ ಕೆಲಸ ಬೇಡವೇ ಬೇಡ.

ಪ್ರಶ್ನೆ: ಕೊಳೆರೋಗದ ಬೋರ್ಡೊ ದ್ರಾವಣದಿಂದ ಅಡಿಕೆ ಚೀಪುವ ಬಾವಲಿಗೆ ತೊಂದರೆಯೇ?
— ಓದುಗರು, ಸಾಗರ

ಉತ್ತರ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಇದು ಶಿಲೀಂಧ್ರನಾಶಕ, ಕೀಟನಾಶಕವಲ್ಲ. ಮಳೆಗಾಲದಲ್ಲಿ ಹೊಡೆದದ್ದು, ಬಾವಲಿ ಚೀಪುವುದು ಮಳೆಗಾಲ ಕಳೆದು ಹಣ್ಣಾದ ಅಡಿಕೆ, ಭಯ ಕಡಿಮೆ. ಕೂಲಿ ಉಳಿಯಲೆಂದು ಕೆಲವರು ಅದರಲ್ಲೇ ಕೀಟನಾಶಕವನ್ನೂ ಬೆರೆಸುತ್ತಾರೆ. ಸುಣ್ಣದ ಕ್ಷಾರಕ್ಕೆ ಆ ಔಷಧಿ ಒಡೆದು ಹುಳವೂ ಸಾಯದು, ದುಡ್ಡೂ ದಂಡ.