ಗೋರಿ ದೃಶ್ಯದಲ್ಲಿ ಜನ ನಗುವುದೇಕೆ?

ಪ್ರಶ್ನೆ: ನಮ್ಮ ತಂಡ ‘ರೋಮಿಯೋ ಅಂಡ್ ಜೂಲಿಯೆಟ್’ ಆಡುತ್ತಿದೆ. ಕೊನೆಯ ಗೋರಿ ದೃಶ್ಯದಲ್ಲಿ ನಟರು ಅತ್ತಷ್ಟೂ ಜನ ಕಿಸಕ್ಕನೆ ನಗುತ್ತಾರೆ. ತಪ್ಪು ಎಲ್ಲಿದೆ?

ಉತ್ತರ: ಮೊದಲು ಅಳುವನ್ನೇ ತಗ್ಗಿಸಿ ನೋಡಿ. ನಿದ್ದೆಯ ಮದ್ದು ಕುಡಿದು ಸತ್ತಂತೆ ಮಲಗಿರುವ ಜೂಲಿಯೆಟ್ ಬದುಕಿದ್ದಾಳೆಂದು ರೋಮಿಯೋಗೆ ಗೊತ್ತಿಲ್ಲ, ನೋಡುವವರಿಗೆ ಗೊತ್ತು. ಅವಳ ತುಟಿ, ಕೆನ್ನೆಗಳಲ್ಲಿ ಇನ್ನೂ ಕೆಂಪು ಉಳಿದಿದೆ ಎಂದು ಅವನೇ ಬಾಯಿಬಿಟ್ಟು ಹೇಳುತ್ತಾನೆ, ಆದರೂ ಅವನಿಗೆ ಹೊಳೆಯುವುದಿಲ್ಲ. ಕರುಳು ಹಿಂಡುವ ಸಾಲು ಅದು. ಬಿಕ್ಕಳಿಕೆಯಲ್ಲಿ ಆ ಮಾತು ಮುಳುಗಿದರೆ ದೃಶ್ಯವೇ ಮುಳುಗಿತು. ಅಲ್ಲಿ ನಟ ಅಳು ನಿಲ್ಲಿಸಿ, ಅವಳ ಮುಖವನ್ನು ನಿಜವಾಗಿ ನೋಡಿ, ನಿಧಾನವಾಗಿ ಹೇಳಲಿ.

ಎರಡನೆಯದು ಜೂಲಿಯೆಟ್‌ಳ ಉಸಿರು. ಹೊಳಪಿನ ತೆಳು ಬಟ್ಟೆ ಹೊದಿಸಿ ಪಕ್ಕದಿಂದ ಬೆಳಕು ಬಿಟ್ಟರೆ ಎದೆಯ ಒಂದೊಂದು ಏರಿಳಿತವೂ ಎದ್ದು ಕಾಣುತ್ತದೆ. ಹೊಳಪಿಲ್ಲದ ದಪ್ಪ ಬಟ್ಟೆಯನ್ನು ನೆರಿಗೆ ಬರುವಂತೆ ಹೊದಿಸಿ, ಪಕ್ಕದ ಬೆಳಕು ಇಳಿಸಿ. ರೋಮಿಯೋ ಅವಳ ಹಿಂಬದಿಗೆ ಕೂತರೆ ಇಬ್ಬರ ಮುಖವೂ ಕಾಣುತ್ತದೆ.

ಹೆಚ್ಚು ನಗು ಬರುವುದು ಸಾಲುಗಳಿಗೆ ಹಾಕುವ ಕತ್ತರಿಯಿಂದ. ರೋಮಿಯೋ ವಿಷ ಕುಡಿದು ಸತ್ತ ಮೇಲೆ ಪಾದ್ರಿ ಲಾರೆನ್ಸ್ ಬಂದು, ಸೇವಕ ಬಾಲ್ತಜಾರ್‌ನ ಜೊತೆ ಆಡುವ ಇಪ್ಪತ್ತು ಚಿಲ್ಲರೆ ಸಾಲುಗಳನ್ನು ಬೇಸರದ ಮಾತೆಂದು ತೆಗೆದುಬಿಡುತ್ತಾರೆ. ಆಗ ಅವನು ಬೀಳುತ್ತಾನೆ, ಇವಳು ಏಳುತ್ತಾಳೆ, ಏತದ ಹಾಗೆ! ಆ ಸಾಲುಗಳನ್ನು ಉಳಿಸಿಕೊಳ್ಳಿ. ಎದ್ದ ಜೂಲಿಯೆಟ್, ವಿಷ ಚೂರಾದರೂ ಉಳಿದಿದೆಯೇ ಎಂದು ಅವನಿಗೆ ಮುತ್ತಿಟ್ಟು, ತುಟಿ ಬೆಚ್ಚಗಿದೆ ಎನ್ನುತ್ತಾಳೆ. ತಡವಾದದ್ದು ಎಷ್ಟು ಸ್ವಲ್ಪ ಎಂದು ಅವಳಿಗೆ ತಿಳಿಯುವುದು ಆಗಲೇ. ಒಂದು ಉಸಿರಿನಷ್ಟು ಮೌನ ಕೊಡಿ. ಬಳಿಕ ನೇಪಥ್ಯದಲ್ಲಿ ಕಾವಲುಗಾರರ ಸದ್ದು, ಕೂಡಲೇ ಬಾಕು.

ಪ್ರಶ್ನೆ: ಅವನು ಸಾಯುವ ಮೊದಲೇ ಅವಳು ಎದ್ದು, ಇಬ್ಬರೂ ಮಾತಾಡುವಂತೆ ಬದಲಿಸಬಹುದೇ?

ಉತ್ತರ: 1748ರಲ್ಲಿ ಲಂಡನ್ನಿನಲ್ಲಿ ನಟ ಡೇವಿಡ್ ಗ್ಯಾರಿಕ್ ಹಾಗೆಯೇ ಆಡಿಸಿದರು, ಆ ರೂಪ ಬಹುಕಾಲ ರಂಗದ ಮೇಲೆ ಉಳಿಯಿತು ಕೂಡ. ಆದರೆ ಅಲ್ಲಿ ಪ್ರೇಮಿಗಳಿಗೆ ಬೀಳ್ಕೊಡುಗೆ ಸಿಕ್ಕಿಬಿಡುತ್ತದೆ. ಅದು ಸಿಗದಿರುವುದೇ ಶೇಕ್ಸ್‌ಪಿಯರನ ಬರವಣಿಗೆಯ ಬಲ. ನಮ್ಮ ಸಲಹೆ, ಬೇಡ.

ಪ್ರಶ್ನೆ: ಗ್ರೀಕ್ ನಾಟಕಕಾರ ಸೋಫೋಕ್ಲಿಸನ ‘ಆಂಟಿಗೊನೆ’ಯಲ್ಲಿ ಆಂಟಿಗೊನೆಗೂ ಅವಳನ್ನು ಮದುವೆಯಾಗಬೇಕಿದ್ದ ಹೀಮನ್‌ಗೂ ಒಂದು ಮಾತುಕತೆಯೂ ಇಲ್ಲ. ಅವರ ಪ್ರೇಮವನ್ನು ಕಾಣಿಸುವುದು ಹೇಗೆ?

ಉತ್ತರ: ಅದು ಇರುವುದು ದೂತನ ಮಾತಿನಲ್ಲಿ. ನೇಣು ಬಿಗಿದುಕೊಂಡವಳ ಸೊಂಟ ತಬ್ಬಿ ಹೀಮನ್ ಗೋಳಿಡುತ್ತಾನೆ. ಅವಳಿಗೆ ಸಾವಿನ ಶಿಕ್ಷೆ ವಿಧಿಸಿದ ತಂದೆ ಕ್ರೆಯಾನನ ಮೇಲೆ ಕತ್ತಿ ಬೀಸುತ್ತಾನೆ, ಗುರಿ ತಪ್ಪುತ್ತದೆ. ಅದೇ ಕತ್ತಿಯಿಂದ ಇರಿದುಕೊಂಡು ಅವಳನ್ನು ಅಪ್ಪುತ್ತಾನೆ, ಅವನ ನೆತ್ತರು ಅವಳ ಬಿಳಿಚಿದ ಕೆನ್ನೆಗೆ ಹಾರುತ್ತದೆ. ದೂತ ಅಳಕೂಡದು, ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಬೇಕು. ಕೇಳಿಸಿಕೊಳ್ಳುತ್ತಿರುವವಳು ಹೀಮನ್‌ನ ತಾಯಿ ಯೂರಿಡೀಸ್, ಬೆಳಕು ಅವಳ ಮೇಲಿರಲಿ. ಕೊನೆಗೆ ಅವಳು ತುಟಿ ಬಿಚ್ಚದೆ ಒಳಗೆ ನಡೆಯುತ್ತಾಳೆ. ಅಲ್ಲಿ ಹಿನ್ನೆಲೆ ಸಂಗೀತ ಹಾಕಬೇಡಿ. ನಾಟಕದೊಳಗಿನ ಮೇಳದವರು (ಕೋರಸ್) ಹೆದರುವುದು ಆ ಮೌನಕ್ಕೇ.