ಓದುಗರ ಪ್ರಶ್ನೆ: ಎಲೆ ಉದುರಿಸಿ ಹೂ ಬಿಡುವ ಮರಗಳು

ಪ್ರಶ್ನೆ: ಬೆಂಗಳೂರಿನ ರಸ್ತೆಗಳಲ್ಲಿ ಗುಲಾಬಿ ಬಣ್ಣದ ಹೂ ಬಿಡುವ ಮರವನ್ನು ಎಲ್ಲರೂ ಚೆರ್ರಿ ಬ್ಲಾಸಮ್ ಅಂತ ಫೋಟೊ ಹಾಕುತ್ತಾರೆ. ಅದು ನಿಜವಾಗಿ ಚೆರ್ರಿನಾ? (ಜಯನಗರದ ಓದುಗರು)

ಅಲ್ಲ. ಅದು ಟಬೆಬುಯಾ ರೋಸಿಯಾ, ಮಧ್ಯ ಅಮೆರಿಕದ ಕಡೆಯ ಮರ. ಕೆಳಗೆ ಬಿದ್ದ ಒಂದು ಹೂವನ್ನು ಎತ್ತಿಕೊಂಡು ನೋಡಿ. ಇಡೀ ಹೂವು ಒಂದೇ ಕೊಳವೆ, ಒಳಗೆ ಹಳದಿ, ಅಂಚಿನಲ್ಲಿ ಮುದುರಿದ ಎಸಳು. ಚೆರ್ರಿಯಲ್ಲಾದರೆ ಎಸಳುಗಳು ಬಿಡಿಬಿಡಿಯಾಗಿ ಉದುರುತ್ತವೆ.

ನಮ್ಮ ರಸ್ತೆಗಳಿಗೆ ಇಂಥ ಮರಗಳು ಸುಮ್ನೆ ಬಂದವಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಬೇಕು, ವರ್ಷವಿಡೀ ಊರಲ್ಲಿ ಎಲ್ಲಾದರೂ ಹೂವಿರಬೇಕು ಅಂತ ಲೆಕ್ಕ ಹಾಕಿ ಮರ ಆರಿಸಿದವರು. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೆಗಿನಹಾಳ ಅವರು ಬಡಾವಣೆ ಬಡಾವಣೆಗೂ ಸಸಿ ನೆಡಿಸಿದರು. ಇವತ್ತು ನೀವು ಫೋಟೊ ತೆಗೆಯುವ ನೆರಳಿನಲ್ಲಿ ಇವರಿಬ್ಬರ ದುಡಿಮೆ ಇದೆ. ಅದಕ್ಕೇ ಹೆಸರು ಹೇಳಬೇಕು ಅನ್ನಿಸಿತು.

ಪ್ರಶ್ನೆ: ನಮ್ಮ ಹೊಲದ ಬದುವಿನ ಮುತ್ತುಗದ ಮರ ಎಲೆ ಪೂರ್ತಿ ಉದುರಿಸಿ ಮೈತುಂಬ ಹೂ ಬಿಡುತ್ತದೆ. ಬಾವಿಯಲ್ಲೇ ನೀರಿಲ್ಲದ ಕಾಲದಲ್ಲಿ ಇದಕ್ಕೆ ಹೇಗೆ ಸಾಧ್ಯ? (ಹಾವೇರಿ ಕಡೆಯ ಓದುಗರು)

ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಮರ ನೀರು ಕಳೆದುಕೊಳ್ಳುವುದು ಜಾಸ್ತಿ ಎಲೆಗಳಿಂದ. ಬೇಸಿಗೆ ಬರುವ ಮೊದಲೇ ಎಲೆ ಉದುರಿಸಿಬಿಟ್ಟರೆ ಆ ಖರ್ಚು ಉಳಿಯಿತು. ಬೇರು ಆಳದಿಂದ ತರುವ ಅಷ್ಟಿಷ್ಟು ನೀರು, ಮಳೆಗಾಲದಲ್ಲಿ ಕೂಡಿಟ್ಟ ಆಹಾರ, ಎರಡೂ ಹೂವಿಗೆ ಸಿಗುತ್ತವೆ. ಇನ್ನೊಂದು ಲಾಭ, ಎಲೆ ಅಡ್ಡ ಇಲ್ಲದ್ದರಿಂದ ಹೂವು ದೂರಕ್ಕೆ ಕಾಣುತ್ತದೆ. ಮುತ್ತುಗದ ಹೂವಿಗೆ ವಾಸನೆ ಇಲ್ಲ ಅಲ್ವಾ, ಅದು ಕರೆಯುವುದು ಬಣ್ಣದಿಂದ, ಅದೂ ಮುಖ್ಯವಾಗಿ ಹಕ್ಕಿಗಳನ್ನು.

ಬೆಳಗ್ಗೆ ಮರದ ಕೆಳಗೆ ನಿಂತು ಒಂದು ಗೊಂಚಲನ್ನು ಹತ್ತಿರದಿಂದ ನೋಡಿ. ಮೊಗ್ಗಿನ ತೊಟ್ಟು ಕಪ್ಪಗೆ, ಮುಟ್ಟಿದರೆ ಮಖಮಲ್ಲು. ಅದರಿಂದ ಗಿಳಿಯ ಕೊಕ್ಕಿನ ಹಾಗೆ ಬಾಗಿದ ಕೇಸರಿ ಹೂವು. ಜೇನು ಇರುವುದು ತಳದಲ್ಲಿ. ಸೂರಕ್ಕಿ, ಮೈನಾ ಅದಕ್ಕಾಗಿ ಕೊಕ್ಕು ತೂರಿಸಿದಾಗ ಪರಾಗ ಮೈಗೆ ಹತ್ತಿ ಮುಂದಿನ ಮರಕ್ಕೆ ಹೋಗುತ್ತದೆ. ಇಷ್ಟು ಬೇಗ ಹೂ ಬಿಟ್ಟರೆ ಮಳೆಗಾಲದ ಹೊತ್ತಿಗೆ ಕಾಯಿ ಬಲಿತಿರುತ್ತದೆ. ಚಪ್ಪಟೆ ಕಾಯಿ, ತುದಿಯಲ್ಲಿ ಒಂದೇ ಬೀಜ. ಗಾಳಿಗೆ ಹಾರಿ ಬಿದ್ದ ಕಡೆ ಮೊದಲ ಮಳೆಗೇ ಮೊಳಕೆ. ಹಾಗಾಗಿ ನೀರಿಲ್ಲದ ಕಾಲದಲ್ಲಿ ಹೂ ಬಿಡುವುದು ಹುಚ್ಚಲ್ಲ, ಸರಿಯಾದ ಲೆಕ್ಕ.

ಹೋಳಿ ಓಕುಳಿಗೆ ಈ ಹೂವನ್ನು ನೀರಲ್ಲಿ ಕುದಿಸಿ ಬಣ್ಣ ತೆಗೆಯುವ ರೂಢಿ ಇತ್ತು. ಊಟಕ್ಕೆ ಮುತ್ತುಗದ ಎಲೆ ಹಚ್ಚುವುದು ಇನ್ನೂ ಕೆಲವು ಮನೆಗಳಲ್ಲಿದೆ. ಈಗ ಟ್ರ್ಯಾಕ್ಟರ್ ತಿರುಗಲು ಅಡ್ಡ ಅಂತ ಬದುವಿನ ಮರಗಳನ್ನೇ ತೆಗೆಯುತ್ತಿದ್ದಾರೆ. ದಯವಿಟ್ಟು ನಿಮ್ಮದನ್ನು ಉಳಿಸಿಕೊಳ್ಳಿ. ಬೆಂಗಳೂರಿನ ಗುಲಾಬಿ ಬಣ್ಣದ ಹೂ ನೋಡಲು ಅಷ್ಟು ದೂರದಿಂದ ಬರುವವರು ಹೋಳಿ ಹೊತ್ತಿಗೆ ಧಾರವಾಡ, ಹಾವೇರಿ ಕಡೆಗೂ ಒಮ್ಮೆ ಹೋಗಬೇಕು ಅನ್ನುವುದು ನನ್ನ ಆಸೆ.

ಪ್ರಶ್ನೆ: ಸಕಲೇಶಪುರದಲ್ಲಿ ಕಾಫಿ ಹೂ ನೋಡಬೇಕು. ಯಾವ ತಾರೀಕಿಗೆ ಹೋಂಸ್ಟೇ ಬುಕ್ ಮಾಡಲಿ? (ಮೈಸೂರಿನ ಓದುಗರು)

ತಾರೀಕು ಮಳೆಯ ಕೈಯಲ್ಲಿದೆ. ಕಾಫಿ ಗಿಡ ಬಿಸಿಲಿಗೆ ಬಾಡುತ್ತಾ ಮೊಗ್ಗು ಹಿಡಿದು ಕಾಯುತ್ತಿರುತ್ತದೆ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಒಂದಿಂಚಿನಷ್ಟು ಹೂಮಳೆ ಬಿದ್ದರೆ, ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಒಟ್ಟಿಗೆ ಅರಳುತ್ತದೆ. ಎರಡು ಮೂರು ದಿನ ಅಷ್ಟೇ, ಆಮೇಲೆ ಬಾಡುತ್ತದೆ. ರೊಬಸ್ಟಾ ಜಾತಿಯ ಕಾಫಿ ತೋಟಗಳಲ್ಲಿ ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿ ಮೊದಲೇ ಹೂ ಬಿಡಿಸುವವರೂ ಇದ್ದಾರೆ. ಪರಿಚಯದ ತೋಟದವರಿಗೆ ಫೋನ್ ಮಾಡಿ, ಮಳೆಯಾದ ದಿನ ಕೇಳಿಕೊಂಡು, ಎಂಟನೆಯ ದಿನಕ್ಕೆ ಹೊರಡಿ. ಗಿಡಗಳ ನಡುವೆ ನುಗ್ಗಿ ರೆಂಬೆ ಬಗ್ಗಿಸಿ ಫೋಟೊ ತೆಗೆಯಬೇಡಿ. ಒಂದೊಂದು ಗೊಂಚಲೂ ಬೆಳೆಗಾರರ ಮುಂದಿನ ಫಸಲು.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಅಪ್ಪ ಅಮ್ಮ ಏಪ್ರಿಲ್ ನಡುವೆ ಬರುತ್ತಾರೆ. ಅಷ್ಟೊತ್ತಿಗೆ ವಾಷಿಂಗ್ಟನ್‌ನಲ್ಲಿ ಚೆರ್ರಿ ಹೂ ಇರುತ್ತಾ?

ಬಹುಶಃ ಮುಗಿದಿರುತ್ತದೆ. 1912ರಲ್ಲಿ ಟೋಕಿಯೊ ನಗರ ಕೊಟ್ಟ ಮರಗಳಿಂದ ಶುರುವಾದ ಅಲ್ಲಿನ ಹೂವು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ ತುಂಬಿರುತ್ತದೆ. ಚಳಿ ಎಷ್ಟು ದಿನ ಎಳೆಯಿತು ಅನ್ನುವುದರ ಮೇಲೆ ಹಿಂದೆ ಮುಂದೆ ಆಗುತ್ತದೆ. ಆದರೆ ಬೇಜಾರು ಬೇಡ, ನಿಮ್ಮಲ್ಲೇ ನೆವಾರ್ಕ್‌ನ ಬ್ರಾಂಚ್ ಬ್ರೂಕ್ ಪಾರ್ಕ್ ಇದೆ. ಅಲ್ಲಿ ವಾಷಿಂಗ್ಟನ್‌ಗಿಂತ ಜಾಸ್ತಿ, ಸುಮಾರು 5,000 ಚೆರ್ರಿ ಮರಗಳಿವೆ, ಅರಳುವುದೂ ಏಪ್ರಿಲ್‌ನಲ್ಲೇ. ಹಿರಿಯರನ್ನು ಅಲ್ಲಿಗೇ ಕರೆದುಕೊಂಡು ಹೋಗಿ, ಓಡಾಟವೂ ಕಡಿಮೆ.

ಪ್ರಶ್ನೆ: ಮನೆ ಮುಂದೆ ಒಂದು ಮರಕ್ಕೆ ಜಾಗ ಇದೆ. ಗುಲ್‌ಮೊಹರ್ ಹಾಕಲಾ, ಕಕ್ಕೆ ಹಾಕಲಾ? (ತುಮಕೂರಿನ ಓದುಗರು)

ಕಕ್ಕೆ. ಮಡಗಾಸ್ಕರ್‌ನಿಂದ ಬಂದ ಗುಲ್‌ಮೊಹರ್ ಚೆಂದವೇ, ಆದರೆ ಅದರ ಕೊಂಬೆಗಳು ಅಗಲಕ್ಕೆ ಹರಡುತ್ತವೆ, ಗಾಳಿಮಳೆಗೆ ಬೇಗ ಮುರಿಯುತ್ತವೆ. ಮನೆಗೆ ಅಂಟಿದಂತೆ ಬೇಡ. ಕಕ್ಕೆ ಅಷ್ಟು ದೊಡ್ಡದಾಗುವುದಿಲ್ಲ, ನಮ್ಮದೇ ಮರ, ಏಪ್ರಿಲ್ ಮೇನಲ್ಲಿ ಹಳದಿ ಗೊಂಚಲು ಜೋತುಬೀಳುತ್ತದೆ. ಕೇರಳದವರು ವಿಷು ದಿನ ಕಣಿಗೆ, ಅಂದರೆ ಬೆಳಗ್ಗೆ ಎದ್ದೊಡನೆ ನೋಡುವ ಶುಭ ವಸ್ತುಗಳ ಜೊತೆ, ಇಡುವುದೂ ಇದೇ ಹೂವನ್ನು. ಬೀಜದಿಂದ ಬೆಳೆಸುವುದಾದರೆ ಅದರ ಸಿಪ್ಪೆ ತುಂಬಾ ಗಟ್ಟಿ. ಒಂದು ಅಂಚನ್ನು ಕಲ್ಲಿಗೆ ಉಜ್ಜಿ, ರಾತ್ರಿಯಿಡೀ ನೀರಲ್ಲಿ ನೆನೆಸಿ ಬಿತ್ತಿ. ಇಲ್ಲವಾದರೆ ನರ್ಸರಿಯಿಂದ ಸಸಿ ತಂದು ಜೂನ್ ಮಳೆಗೆ ನೆಡಿ. ಹೂವಿಗೆ ಕೆಲವು ವರ್ಷ ಕಾಯಬೇಕಾಗುತ್ತದೆ. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ.